ಅಟ್ಟದಿಂದ ಇಳಿದ ಸ್ಪೆಕ್ಟ್ರಮ್‌ಗೆ ಒಂದು ಇಟ್ಟಿಗೆ ಆಟ

ಬಸವನಗುಡಿಯ ಮನೆಗೆ ಸುಣ್ಣ ಹೊಡೆಸುವಾಗ ಅಟ್ಟದಿಂದ ಹಿತ್ತಾಳೆ ಹಂಡೆಯ ಜೊತೆ ಇಳಿದದ್ದು ಸೋದರಮಾವ ಇಂಗ್ಲೆಂಡಿನಿಂದ ತಂದಿದ್ದ ಝಡ್‌ಎಕ್ಸ್ ಸ್ಪೆಕ್ಟ್ರಮ್. ಟಿವಿಗೆ ಜೋಡಿಸುವ ಹಳೇ ಮನೆ ಕಂಪ್ಯೂಟರ್: 1982ರಲ್ಲಿ ಬಂದ ಮಾದರಿ, 48 ಕೆ (ಕಿಲೋಬೈಟ್) ಮೆಮೊರಿ, ರಬ್ಬರ್ ಕೀಲಿಗಳು. "ಗುಜರಿಗೆ ಹಾಕೋ ಅದನ್ನ" ಅಂದರು ಅಮ್ಮ. ನಾನು ಅಡಾಪ್ಟರ್ ಹುಡುಕಿಕೊಂಡು ಎಸ್.ಪಿ. ರಸ್ತೆಗೆ ಹೋದೆ.

9 ವೋಲ್ಟಿನವು ಅಲ್ಲಿ ರಾಶಿ ಬಿದ್ದಿವೆ. ಆದರೆ ಸ್ಪೆಕ್ಟ್ರಮ್ ಪಿನ್ನಿಗೆ ಒಳಗೆ ಮೈನಸ್, ಹೊರಗೆ ಪ್ಲಸ್. ಈಗಿನ ಬಹುಪಾಲು ಅಡಾಪ್ಟರ್‌ಗಳು ಇದಕ್ಕೆ ತದ್ವಿರುದ್ಧ. "ಉಲ್ಟಾ ಇದೆ ಸಾರ್, ಸುಟ್ಟೋಗತ್ತೆ" ಅಂತ ಅಂಗಡಿಯವರೇ ವೈರು ಕತ್ತರಿಸಿ, ಅದಲುಬದಲು ಮಾಡಿ ಬೆಸುಗೆ ಹಾಕಿಕೊಟ್ಟರು.

ಮೇಲಿಂದ ಬೀಳುವ ತುಂಡುಗಳನ್ನು ಜೋಡಿಸಿ ಸಾಲು ತುಂಬಿಸುವ, ತುಂಬಿದ ಸಾಲು ಅಳಿಯುವ ಟೆಟ್ರಿಸ್ ಥರದ ಆಟವೊಂದನ್ನು ನಾನೇ ಬರೆಯೋಣ ಅನ್ನಿಸಿತು. ಮಾಸ್ಕೋದಲ್ಲಿ ಟೆಟ್ರಿಸ್ ಸೃಷ್ಟಿಸಿದ ಪಾಜಿಟ್ನೋವ್ ಅದನ್ನು ಮೊದಲು ಬರೆದಾಗ ಅವರ ಎಲೆಕ್ಟ್ರೋನಿಕಾ 60 ಕಂಪ್ಯೂಟರಿನಲ್ಲಿ ಗ್ರಾಫಿಕ್ಸೇ ಇರಲಿಲ್ಲ, ಆವರಣ ಚಿಹ್ನೆ ಜೋಡಿಸಿ ಇಟ್ಟಿಗೆ ಮಾಡಿದ್ದರು. ನನಗೆ ಎಂಟು ಬಣ್ಣವಾದರೂ ಇತ್ತು.

ಈ ಮಿಷನ್ನಿನಲ್ಲಿ ಚುಕ್ಕೆ ಒಂದು ಕಡೆ, ಬಣ್ಣ ಇನ್ನೊಂದು ಕಡೆ. 22528ನೇ ವಿಳಾಸದಿಂದ 768 ಬೈಟು ಬಣ್ಣಕ್ಕೆ: 32 ಕಾಲಂ, 24 ಸಾಲು, ಚೌಕಕ್ಕೊಂದು ಬೈಟು, ಹಾಗಾಗಿ ಒಂದು ಚೌಕದೊಳಗೆ ಎರಡೇ ಬಣ್ಣ. ಬೇರೆ ಆಟಗಳಲ್ಲಿ ಬಣ್ಣ ಕಲೆಸಿಹೋಗುತ್ತೆ ಅಂತ ಎಲ್ಲರೂ ಬೈಯುವುದು ಇದಕ್ಕೇ. ಇಟ್ಟಿಗೆ ಆಟಕ್ಕೆ ಮಾತ್ರ ಹೇಳಿ ಮಾಡಿಸಿದ ಹಾಗಿದೆ. ನಾನು ಚುಕ್ಕೆಗಳನ್ನು ಮುಟ್ಟಲೇ ಇಲ್ಲ. 10 ಚೌಕ ಅಗಲ, 20 ಎತ್ತರ. ಆ ಬೈಟುಗಳೇ ಚಿತ್ರ, ಅವೇ ಲೆಕ್ಕ. ಸೊನ್ನೆ ಇದ್ದರೆ ಜಾಗ ಖಾಲಿ. ತಾಪತ್ರಯ ಒಂದೇ: ಇಳಿಯುವ ತುಂಡು ತನ್ನ ಬಣ್ಣವನ್ನೇ ಅಡ್ಡಿ ಅಂದುಕೊಳ್ಳುತ್ತೆ. ಹಾಗಾಗಿ ಮೊದಲು ಅಳಿಸು, ನೋಡು, ಮತ್ತೆ ಬರಿ. ಮಿನುಗದಿರಲಿ ಅಂತ ಈ ಕೆಲಸವನ್ನೆಲ್ಲ ಪ್ರೊಸೆಸರನ್ನು ಕಾಯಿಸುವ ಹಾಲ್ಟ್ ಆದೇಶ ಆದ ಕೂಡಲೇ ಬರುವಂತೆ ಇಟ್ಟೆ. ಪ್ರೋಗ್ರಾಂ ಸೆಕೆಂಡಿಗೆ 50 ಸಲ ಬರುವ ಎಚ್ಚರಿಸುವ ಸಂಕೇತ (ಇಂಟರಪ್ಟ್) ಕಾದು, ಟಿವಿಯ ಕಿರಣ ಚಿತ್ರದ ಭಾಗಕ್ಕೆ ಬರುವ ಮೊದಲೇ ಮುಗಿಸಿಬಿಡುತ್ತೆ.

ಕೋಡು ಮೂರು ಕೆ ಆಯಿತು. ಈ ಮಿಷನ್ನಿಗೆ ಪ್ರೋಗ್ರಾಂ ಕ್ಯಾಸೆಟ್ಟಿನ ಸದ್ದಾಗಿ ಒಳಗೆ ಹೋಗಬೇಕು. ಕ್ಯಾಸೆಟ್ಟಿನ ಬದಲು ಮೊಬೈಲಿನಿಂದ ಇಯರ್ ಸಾಕೆಟ್ಟಿಗೆ ವೈರು, ವಾಲ್ಯೂಮ್ ಪೂರ್ತಿ, ಅರ್ಧ ನಿಮಿಷ ಕೀರಲು ಸದ್ದು. ಮಗಳು ಕಿವಿ ಮುಚ್ಚಿಕೊಂಡಳು.

ಮೊದಲ ಸಾಲು ತುಂಬಿದ್ದೇ ತಡ, ಇಡೀ ರಾಶಿ ಮಾಯ! "ಅಪ್ಪಾ, ಗೆದ್ದೆ!" ಅಂತ ಕುಣಿದಳು. ಅಳಿದ ಸಾಲಿನ ಜಾಗಕ್ಕೆ ಮೇಲಿನವನ್ನು ಒಂದೊಂದಾಗಿ ಇಳಿಸಬೇಕು. ನಾನು ಮೇಲ್ತುದಿಯಿಂದ ಶುರು ಮಾಡಿದ್ದೆ. ತುದಿಯ ಖಾಲಿ ಸಾಲು ಎರಡನೆಯದರ ಮೇಲೆ ನಕಲಾಯಿತು, ಖಾಲಿಯಾದ ಎರಡನೆಯದು ಮೂರನೆಯದರ ಮೇಲೆ, ಹೀಗೇ ಕೊನೆಯವರೆಗೆ. ಹುಡುಕಲು ಎರಡು ರಾತ್ರಿ ಹೋಯಿತು, ತಿದ್ದಲು ಐದು ನಿಮಿಷ: ಅಳಿದ ಸಾಲಿನಿಂದ ಮೇಲಕ್ಕೆ ಹತ್ತುತ್ತಾ ಹೋದೆ.

ಸರಿಪಡಿಸಿದ್ದು ಅವಳಿಗೆ ಹಿಡಿಸಲಿಲ್ಲ, ಮೂರು ದಿನ ಆಡಲೂ ಇಲ್ಲ. ಈಗ ಶುರುವಿನಲ್ಲಿ 'ಎಂ' ಒತ್ತಿದರೆ ಹಳೇ ತಪ್ಪು ವಾಪಸ್ ಬರುತ್ತೆ. ಮೊನ್ನೆ ನನ್ನ ಅಮ್ಮನಿಗೂ ಅದನ್ನೇ ಹೇಳಿಕೊಡುತ್ತಿದ್ದಳು.