ನಿಂತ ಗಡಿಯಾರ ಇಟ್ಕೊಂಡು ಜ್ಞಾನಮೀಮಾಂಸೆ ಹೇಳ್ಕೊಟ್ಟಿದ್ದು – ನನ್ನ ಅನುಭವ

ಭಾನುವಾರದ ಕ್ಲಾಸಲ್ಲಿ ಜ್ಞಾನಮೀಮಾಂಸೆ, ಅಂದ್ರೆ ‘ಗೊತ್ತು’ ಅಂದ್ರೆ ಏನು ಅಂತ ಕೇಳೋ ಫಿಲಾಸಫಿ, ಹೇಳ್ಕೊಡ್ತೀನಿ. ಮೊದಲ ಎರಡು ಬ್ಯಾಚ್ ಪೂರ್ತಿ ತೋಪು. ಎಲ್ಲರ ಥರ ಪ್ಲೇಟೋ, ಡೆಕಾರ್ಟ್, ಆಮೇಲೆ ಬೋರ್ಡ್ ಮೇಲೆ ಪ್ರಮಾಣಗಳ (ನೋಡೋದು, ಊಹಿಸೋದು ಥರ ಸರಿಯಾದ ಜ್ಞಾನಕ್ಕಿರೋ ದಾರಿಗಳ) ಲೆಕ್ಕ, ಚಾರ್ವಾಕರಿಗೆ ಒಂದು, ದ್ವೈತಕ್ಕೆ ಮೂರು, ನ್ಯಾಯ ದರ್ಶನಕ್ಕೆ ನಾಲ್ಕು, ಅದ್ವೈತಕ್ಕೆ ಆರು ಅಂತ. 30 ಜನ ಬಂದ್ರು, ಮೂರನೇ ಭಾನುವಾರಕ್ಕೆ ಏಳೋ ಎಂಟೋ ಉಳಿದ್ರು. ಪ್ರೊಜೆಕ್ಟರ್ ಬಾಡಿಗೆ, ಜೆರಾಕ್ಸ್ ಅಂತ ನಾಲ್ಕು ಸಾವಿರದಷ್ಟು ಹೋಯ್ತು.

ಆಮೇಲೆ ತಲೆಗೆ ಬಂದಿದ್ದು ಬ್ರಿಟಿಷ್ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ 1948ರಲ್ಲಿ ಬರೆದ ನಿಂತ ಗಡಿಯಾರ. ಫ್ರೆಂಡ್ಸು "ಫಿಲಾಸಫಿಗೆ ಗಡಿಯಾರ ರಿಪೇರಿ ಯಾಕೋ" ಅಂತ ನಕ್ಕರು. 250 ಕೊಟ್ಟು ಗೋಡೆ ಗಡಿಯಾರ ತಂದು, ಸೆಲ್ ತೆಗೆದು, 6:25ಕ್ಕೆ ಮುಳ್ಳು ಇಟ್ಟೆ. ಕೂತ ಎರಡೇ ನಿಮಿಷಕ್ಕೆ ಒಬ್ಬಳು "ಸರ್, ಸೆಕೆಂಡ್ ಮುಳ್ಳು ಓಡ್ತಿಲ್ಲ" ಅಂದ್ಳು! ಆ ಮುಳ್ಳು ಕೀಳೋಕೆ ಹೋಗಿ ಗ್ಲಾಸು ಒಡೀತು. ಸೆಕೆಂಡ್ ಮುಳ್ಳೇ ಇಲ್ಲದ್ದು ಇನ್ನೊಂದು, 400.

ಈ ಸಲ ಸರಿಯಾಗಿ 6:25ಕ್ಕೆ "ಟೈಮೆಷ್ಟು?" ಅಂದೆ. ಹುಡುಗ ಗೋಡೆ ನೋಡಿ ಕರೆಕ್ಟಾಗಿ ಹೇಳ್ದ. ಗಡಿಯಾರ ಇಳಿಸಿ ಸೆಲ್ ಇಲ್ಲದ ಜಾಗ ತೋರಿಸ್ದೆ. ನಂಬಿದ್ದ, ನಂಬೋಕೆ ಕಾರಣ ಇತ್ತು, ಹೇಳಿದ್ದೂ ನಿಜ, ಹಾಗಾದ್ರೆ ಅವನಿಗೆ ಟೈಮ್ ಗೊತ್ತಿತ್ತಾ? ಮುಕ್ಕಾಲು ಗಂಟೆ ಜಗಳ. ಅದಾದ್ಮೇಲೇ ಕಾರಣ ಇದ್ದು ನಂಬಿ, ಅದು ನಿಜ ಆದ್ರೂ ‘ಗೊತ್ತು’ ಅನ್ನೋಕೆ ಸಾಲದು ಅಂತ ತೋರಿಸಿದ ಅಮೆರಿಕದ ತತ್ವಜ್ಞಾನಿ ಗೆಟಿಯರ್‌ನ 1963ರ ಮೂರು ಪುಟ ಕೊಟ್ಟಿದ್ದು, ಜೊತೆಗೆ 8ನೇ ಶತಮಾನದ ಬೌದ್ಧ ಧರ್ಮೋತ್ತರನ ಉದಾಹರಣೆ: ಮಾಂಸ ಸುಡೋಕೆ ಈಗಷ್ಟೇ ಹಚ್ಚಿದ ಬೆಂಕಿ, ಹೊಗೆ ಇನ್ನೂ ಎದ್ದಿಲ್ಲ, ಮುತ್ತಿದ ಹುಳದ ಹಿಂಡನ್ನೇ ಹೊಗೆ ಅನ್ಕೊಂಡು ಬೆಂಕಿ ಇದೆ ಅಂದ್ಬಿಡೋದು. ಯಾರೂ ಆಕಳಿಸ್ಲಿಲ್ಲ, ಹೇಳ್ಕೋಬಾರ್ದು ಆದ್ರೂ ಹೇಳ್ತೀನಿ. ಮೊಬೈಲ್ ನೋಡದ ಹಾಗೆ ಹೆಂಗೆ ಮಾಡ್ತೀನಿ ಅನ್ನೋದು ಮಾತ್ರ ಕೇಳ್ಬೇಡಿ.

ಮಧ್ಯೆ ಒಂದು ಅಧಿಕಪ್ರಸಂಗವೂ ಆಯ್ತು. ಮೂಲೆಯ ಎಳನೀರಿನವರ ಹತ್ರ ಎಲ್ಲರನ್ನೂ ಕರ್ಕೊಂಡೋಗಿ 20 ಕಾಯಿಗೆ ಬರೀ ನೀರಾ, ತೆಳು ಗಂಜಿನಾ, ಗಟ್ಟಿನಾ ಅಂತ ಕೊಚ್ಚೋಕೆ ಮುಂಚೆ ಅವರ ಬಾಯಲ್ಲೇ ಹೇಳಿಸ್ದೆ. 17 ಇರ್ಬೇಕು, ಸರಿ ಬಂತು. "ಹೆಂಗೆ ಗೊತ್ತಾಗುತ್ತೆ ಅಣ್ಣ?" ಅಂದ್ರೆ "ಗೊತ್ತಾಗುತ್ತೆ ಸಾರ್" ಅಷ್ಟೇ. ಗಡಿಯಾರದ ಹುಡುಗ ರೇಗ್ಹೋದ, "ಕಾರಣ ಹೇಳಿದ ನನಗೆ ಗೊತ್ತಿರ್ಲಿಲ್ಲ ಅಂತೀರಿ, ಏನೂ ಹೇಳದ ಇವರಿಗೆ ಗೊತ್ತಾ?" "ಇವರ ಊಹೆ ಪದೇಪದೇ ಸರಿ ಬರುತ್ತಲ್ಲ, ನಿನ್ನ ಗಡಿಯಾರ ದಿನಕ್ಕೆ ಎರಡೇ ಸಲ" ಅಂದೆ. ಒಪ್ಲಿಲ್ಲ ಅವನು, ಇವತ್ತಿಗೂ ಒಪ್ಪಿಲ್ಲ.

ಸಾವಿರ ರೂಪಾಯಿ ಎಳನೀರಿಗೇ ಹೋಯ್ತು. ಮುಂದಿನ ಬ್ಯಾಚಿಗೆ ತಟ್ಟಿ ನೋಡೋಕೆ ಕಲ್ಲಂಗಡಿ ತರ್ತೀನಿ, ಎರಡೇ ಸಾಕು.