85 ಸೆಂಟಿಮೀಟರ್ ಅಗಲದ ಗಾಡಿ: ಒಬ್ಬರು ಕೂರುವ ನಾಳಿನ ವಾಹನ ಡಿಸೈನ್ ಮಾಡುವುದು ಹೇಗೆ

ಬೆಳಗ್ಗೆ ಎಂಟು ಗಂಟೆಗೆ ಹೊಸೂರಿನ ಬಾಗಲೂರು ರಸ್ತೆ ತಿರುವಲ್ಲಿ ಒಂದು ಹದಿನೈದು ನಿಮಿಷ ನಿಂತುಕೊಳ್ಳಿ. ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಕಡೆ ಹೋಗುವ ಕಂಪನಿ ಬಸ್ಸು, ರಾಯಕೋಟೆಯಿಂದ ಬಂದ ಟೊಮೆಟೊ ಟೆಂಪೋ, ಗುಲಾಬಿ ಕಟ್ಟು ಹೊತ್ತ ಮೊಪೆಡ್, ಇವುಗಳ ನಡುವೆ ಕಾರುಗಳ ಸಾಲು. ಕಾರಿನ ಒಳಗೆ ನೋಡಿ. ಹೆಚ್ಚಿನದರಲ್ಲಿ ಒಬ್ಬರೇ ಇರುತ್ತಾರೆ. ಪಕ್ಕದ ಸೀಟಲ್ಲಿ ಊಟದ ಬ್ಯಾಗು, ಹಿಂದಿನ ಸೀಟು ಖಾಲಿ.

ಆ ಖಾಲಿ ಸೀಟೇ ನನ್ನ ತಲೆ ಕೊರೆಯಲು ಶುರುಮಾಡಿದ್ದು. ನಾನು ಹೊಸೂರಿನ ಹತ್ತಿರದ ತಳಿ ಅನ್ನುವ ಊರಿನ ಕಡೆಯವಳು, ಮನೆಮಾತು ಕನ್ನಡ. ಹೊಸೂರಿನ ಒಂದು ಟೂಲ್ ರೂಮಲ್ಲಿ ಜಿಗ್, ಫಿಕ್ಸ್ಚರ್, ಅಂದರೆ ಕೆಲಸ ಮಾಡುವಾಗ ಬಿಡಿಭಾಗವನ್ನು ಅಲುಗದಂತೆ ಹಿಡಿಯುವ ಸಾಧನ, ಡಿಸೈನ್ ಮಾಡುತ್ತೇನೆ. ಎರಡು ವರ್ಷದಿಂದ ಭಾನುವಾರ ಬಂತೆಂದರೆ ತಮ್ಮನ ವೆಲ್ಡಿಂಗ್ ಶೆಡ್‌ನಲ್ಲಿ ಇಬ್ಬರೂ ಸೇರಿ ಒಬ್ಬರು ಕೂರುವ ಕರೆಂಟ್ ಗಾಡಿ ಕಟ್ಟುತ್ತಿದ್ದೇವೆ. ಪಾಲಿಟೆಕ್ನಿಕ್ ಓದುವ ಮಕ್ಕಳು ಯಾರಾದರೂ ಇಂಥದ್ದಕ್ಕೆ ಕೈಹಾಕಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಾಳಿನ ಗಾಡಿ ಅಂದ ಕೂಡಲೇ ಮಕ್ಕಳು ರೆಕ್ಕೆ ಬರೆಯುತ್ತಾರೆ, ಗಾಜಿನ ಗುಮ್ಮಟ ಬರೆಯುತ್ತಾರೆ. ದಯವಿಟ್ಟು ಮೊದಲ ವಾರ ಪೆನ್ಸಿಲ್ ಮುಟ್ಟಬೇಡಿ. ಟೇಪು ಹಿಡಿದು ರಸ್ತೆಗೆ ಹೋಗಿ. ನಮ್ಮ ದೊಡ್ಡ ರಸ್ತೆಗಳಲ್ಲಿ ಒಂದು ಲೇನ್ ಅಂದರೆ 3.5 ಮೀಟರ್. ಸಾಧಾರಣ ಕಾರಿನ ಅಗಲ 1.7 ಮೀಟರ್ ಹತ್ತಿರ. ಅಂದರೆ ಒಂದು ಲೇನಲ್ಲಿ ಒಂದೇ ಕಾರು, ಉಳಿದದ್ದು ವ್ಯರ್ಥ. ಗಾಡಿಯ ಅಗಲ 85 ಸೆಂಟಿಮೀಟರ್ ಇದ್ದರೆ ಎರಡು ಗಾಡಿ ಜೊತೆಯಾಗಿ ಹೋಗಬಹುದು, ಎರಡೂ ಬದಿಗೆ ಮತ್ತು ನಡುವೆ ತಲಾ ಅರ್ಧ ಮೀಟರ್ ಬಿಟ್ಟರೂ ಜಾಗ ಮಿಗುತ್ತದೆ. ಈ 85 ಅನ್ನುವ ಸಂಖ್ಯೆಯನ್ನು ಗೋಡೆ ಮೇಲೆ ಬರೆದಿಡಿ. ಗಾಡಿಯ ಉಳಿದ ಎಲ್ಲ ತೀರ್ಮಾನ ಇದರಿಂದಲೇ ಹುಟ್ಟುತ್ತದೆ.

ನಿಲ್ಲಿಸುವ ಜಾಗವನ್ನೂ ಅಳೆಯಿರಿ. ಒಂದು ಕಾರಿಗೆ ಬಿಡುವ ಚೌಕ 2.5 ಮೀಟರ್ ಅಗಲ, 5 ಮೀಟರ್ ಉದ್ದ ಅಂತಿಟ್ಟುಕೊಳ್ಳಿ. 2.2 ಮೀಟರ್ ಉದ್ದದ ನಮ್ಮ ಗಾಡಿಯನ್ನು ಅಡ್ಡಡ್ಡ ನಿಲ್ಲಿಸಿದರೆ ಅದೇ ಚೌಕದಲ್ಲಿ ನಾಲ್ಕು ಹಿಡಿಯುತ್ತವೆ. ನಾವು ಶೆಡ್ ಮುಂದೆ ಸೀಮೆಸುಣ್ಣದಲ್ಲಿ ಗೀಟು ಎಳೆದು ನೋಡಿದೆವು. ಪಕ್ಕದಲ್ಲಿ ಇಳಿಯಲು ಒಂದಡಿಗಿಂತ ಸ್ವಲ್ಪ ಜಾಸ್ತಿ ಸಂದು ಸಿಗುತ್ತದೆ, ಸಾಲದು. ಆದ್ದರಿಂದ ಬಾಗಿಲನ್ನು ಹೊರಗೆ ತೆರೆಯುವ ಹಾಗೆ ಮಾಡದೆ ಮೇಲಕ್ಕೆ ಸುತ್ತುವ ಪರದೆ ಮಾಡಿ, ಮುಂಭಾಗದಿಂದಲೇ ಹೊರಬರುವ ಹಾಗೆ ಹ್ಯಾಂಡಲ್ ಬಾರನ್ನು ಪಕ್ಕಕ್ಕೆ ಮಡಚುವಂತೆ ಮಾಡಿದೆವು.

ಒಂದು ಎಚ್ಚರಿಕೆ. ಈ ಗಾಡಿ ಯಾರ ಬದಲಿಗೆ ಅಂತ ಮೊದಲೇ ಸ್ಪಷ್ಟ ಮಾಡಿಕೊಳ್ಳಿ. 12 ಮೀಟರ್ ಬಸ್ಸಲ್ಲಿ 50 ಜನ ಹೋಗುತ್ತಾರೆ. ಅದೇ 50 ಜನ ನಮ್ಮ ಗಾಡಿಯಲ್ಲಿ ಎರಡೆರಡು ಸಾಲಾಗಿ, ನಡುವೆ ಎರಡು ಮೀಟರ್ ಬಿಟ್ಟು ಹೋದರೆ ಸಾಲಿನ ಉದ್ದ 100 ಮೀಟರ್ ದಾಟುತ್ತದೆ. ಒಬ್ಬೊಬ್ಬರೇ ಕಾರಲ್ಲಿ ಹೋದರೆ 300 ಮೀಟರ್. ಆದ್ದರಿಂದ ಬಸ್ಸಿನವರನ್ನು ಇಳಿಸಿ ಇದಕ್ಕೆ ಹತ್ತಿಸಿದರೆ ಜಾಮ್ ಹೆಚ್ಚುತ್ತದೆಯೇ ಹೊರತು ಕಡಿಮೆ ಆಗುವುದಿಲ್ಲ. ಒಂಟಿಯಾಗಿ ಕಾರು ಓಡಿಸುವವರಿಗೆ, ಮತ್ತೆ ಮನೆಯಿಂದ ಬಸ್ ಸ್ಟ್ಯಾಂಡಿಗೆ, ರೈಲ್ವೆ ಸ್ಟೇಷನ್ನಿಗೆ ಹೋಗಲು ದಾರಿ ಇಲ್ಲದವರಿಗೆ ಇದು. ಹೊಸೂರಿಂದ ಬೆಂಗಳೂರಿಗೆ 40 ಕಿಲೋಮೀಟರ್ ಹೈವೇಯಲ್ಲಿ ಇದನ್ನು ಓಡಿಸಬೇಕು ಅಂತ ನನಗೆ ಆಸೆಯೇ ಇಲ್ಲ. ಸ್ಟೇಷನ್ ತನಕ ಸಾಕು, ಆಮೇಲೆ ರೈಲು ಇದೆ ಅಲ್ವಾ.

ಈಗ ಚಕ್ರ. ಎರಡು ಚಕ್ರ ಇಟ್ಟರೆ ಮಳೆಗೆ ಗೋಡೆ, ಚಾವಣಿ ಕಟ್ಟುವುದು ಕಷ್ಟ. ಸಿಗ್ನಲ್ಲಲ್ಲಿ ಕಾಲು ಹೊರಗೆ ಊರಬೇಕಾಗುತ್ತದೆ. ನಾವು ಮೂರು ಚಕ್ರ ಆರಿಸಿದೆವು: ಮುಂದೆ ಎರಡು, ಹಿಂದೆ ಒಂದು. ಆಟೋದಲ್ಲಿ ಇದು ಉಲ್ಟಾ ಇರುತ್ತದೆ. ತಿರುವಲ್ಲಿ ಬ್ರೇಕ್ ಹಿಡಿದಾಗ ತೂಕ ಮುಂದಕ್ಕೂ ಹೊರಕ್ಕೂ ನುಗ್ಗುತ್ತದೆ. ಆ ಮೂಲೆಯಲ್ಲಿ ಒಂದು ಚಕ್ರ ಇದ್ದರೆ ಗಾಡಿಗೆ ಆಸರೆ ಸಿಗುತ್ತದೆ, ಇಲ್ಲದಿದ್ದರೆ ವಾಲುತ್ತದೆ.

ಮೂರು ಚಕ್ರದ ಒಂದು ತೊಂದರೆ ನಮಗೆ ಓಡಿಸಿದ ಮೇಲೇ ಗೊತ್ತಾಯಿತು. ಬೈಕಿಗೆ ರಸ್ತೆಯಲ್ಲಿ ಒಂದು ಜಾಡು, ಕಾರಿಗೆ ಎರಡು, ಇದಕ್ಕೆ ಮೂರು. ಮುಂದಿನ ಎರಡು ಚಕ್ರದ ನಡುವೆ ಹೊಂಡ ದಾಟಿಸಿದೆ ಅಂತ ಸಮಾಧಾನ ಪಡುವಷ್ಟರಲ್ಲಿ ಹಿಂದಿನ ಚಕ್ರ ಸರಿಯಾಗಿ ಅದರೊಳಗೆ ಬೀಳುತ್ತದೆ. ಹಾಗಾಗಿ ಹಿಂದಿನ ಚಕ್ರ ಚಿಕ್ಕದು ಮಾಡಬೇಡಿ. 12 ಇಂಚಿಗಿಂತ ಕಡಿಮೆ ರಿಮ್ ನಮ್ಮ ರಸ್ತೆಗೆ ಆಗುವುದಿಲ್ಲ. ಹಿಂದಿನ ಶಾಕ್ ಅಬ್ಸಾರ್ಬರ್‌ಗೆ ಜಾಸ್ತಿ ಖರ್ಚು ಮಾಡಿ.

ಅಗಲ ಕಡಿಮೆಯಾದರೆ ಗಾಡಿ ಮಗುಚುವ ಭಯ ಜಾಸ್ತಿ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ಪ್ರಾಣದ ವಿಷಯ. ತಿರುವಲ್ಲಿ ಗಾಡಿಯನ್ನು ಹೊರಗೆ ತಳ್ಳುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಅಂತ ಬರೆದು, ಅದನ್ನು ಅದರಿಂದಲೇ ಗುಣಿಸಿ, ತಿರುವಿನ ತ್ರಿಜ್ಯದಿಂದ ಭಾಗಿಸಿ. 15 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 30 ಕಿಲೋಮೀಟರಲ್ಲಿ ತೆಗೆದುಕೊಂಡರೆ 4.6 ಬರುತ್ತದೆ. ಭೂಮಿ ಕೆಳಗೆ ಎಳೆಯುವುದು 9.8. ಅಂದರೆ ಹೆಚ್ಚುಕಡಿಮೆ ಅರ್ಧ. ನಿಂತ ಗಾಡಿಯನ್ನು 25 ಡಿಗ್ರಿ ಓರೆ ಮಾಡಿದರೆ ಎಷ್ಟು ವಾಲುತ್ತದೋ ಅಷ್ಟು. ವೇಗ 25ಕ್ಕೆ ಇಳಿಸಿದರೆ ಅದೇ ತಿರುವು 18 ಡಿಗ್ರಿಗೆ ಸಮ.

ಇದನ್ನು ಶೆಡ್‌ನಲ್ಲೇ ಪರೀಕ್ಷೆ ಮಾಡಬಹುದು. ನಾವು ಹಳೆ ಮನೆಯ ಎರಡು ಬಾಗಿಲನ್ನು ಆಂಗಲ್‌ಗೆ ಬೋಲ್ಟ್ ಮಾಡಿ ಹಲಗೆ ಮಾಡಿಕೊಂಡೆವು. ಗಾಡಿಯನ್ನು ಅದರ ಮೇಲೆ ನಿಲ್ಲಿಸಿ, ಕೆಳಬದಿಯ ಟೈರು ಜಾರದ ಹಾಗೆ ಒಂದು ಪಟ್ಟಿ ಹೊಡೆದೆವು. ಸೀಟಲ್ಲಿ ಮನುಷ್ಯರ ಬದಲು 75 ಕೆಜಿ ಮರಳು, ಮೂಟೆಯನ್ನು ಎದೆಯ ಎತ್ತರದ ತನಕ ನಿಲ್ಲಿಸಿ ಬೆಲ್ಟ್ ಹಾಕಿ ಕಟ್ಟಿದ್ದು. ಮೇಲಿನ ತೊಲೆಯಿಂದ ಒಂದು ಹಗ್ಗ ಸಡಿಲವಾಗಿ ಕಟ್ಟಿರಬೇಕು, ಗಾಡಿ ಮಗುಚಿದರೂ ನೆಲಕ್ಕೆ ಬೀಳಬಾರದು. ಮೇಲ್ಬದಿಯ ಮುಂದಿನ ಟೈರಿನ ಕೆಳಗೆ ಕ್ಯಾಲೆಂಡರಿನ ಒಂದು ಚೂರು ಕಾಗದ ಇಟ್ಟು ಅದರ ತುದಿಯನ್ನು ನಾನು ಬೆರಳಲ್ಲಿ ಹಿಡಿದುಕೊಂಡೆ. ತಮ್ಮ ಚೈನ್ ಬ್ಲಾಕಿನಲ್ಲಿ ಹಲಗೆಯ ಒಂದು ಬದಿಯನ್ನು ಒಂದೊಂದೇ ಕಡಿ ಎತ್ತುತ್ತಾ ಹೋದ. ಕಾಗದ ಬಿಗಿಯಾಗಿಯೇ ಇತ್ತು. ಹಲಗೆ ಕಿರ್ ಅಂತ ಸದ್ದು ಮಾಡಿತು. ಒಂದು ಹಂತದಲ್ಲಿ ಕಾಗದ ಸುಮ್ನೆ ನನ್ನ ಕೈಗೆ ಬಂದುಬಿಟ್ಟಿತು, ಟೈರು ಹಾಗೇ ಇದ್ದಂತೆ ಕಾಣುತ್ತಿತ್ತು. ಹಲಗೆಯ ಮೇಲಿಟ್ಟ ಮೊಬೈಲಿನ ಲೆವೆಲ್ ಆ್ಯಪ್ 22 ಡಿಗ್ರಿ ತೋರಿಸಿತು.

22 ಅಂದರೆ ಆ ತಿರುವಲ್ಲಿ 30ರ ವೇಗಕ್ಕೆ ಗಾಡಿ ಮಗುಚುತ್ತಿತ್ತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಿಂದಿನ ವಾರವಷ್ಟೇ ಅಮ್ಮನನ್ನು ಅದರಲ್ಲಿ ಕೂರಿಸಿ ಅಂಗಳ ಸುತ್ತಿಸಿದ್ದೆ.

ಆಮೇಲೆ ಮೂರು ಬದಲಾವಣೆ ಮಾಡಿದೆವು. ಸೀಟಿನ ಎತ್ತರ 65ರಿಂದ 50 ಸೆಂಟಿಮೀಟರಿಗೆ ಇಳಿಸಿದೆವು. ಬ್ಯಾಟರಿ ಹಿಂದೆ ಮೇಲಿತ್ತು, ಕಾಲಿಡುವ ಹಲಗೆಯ ಕೆಳಗೆ ತಂದೆವು. ಇದರಿಂದ ತೂಕ ಕೆಳಗಿಳಿದದ್ದಲ್ಲದೆ ಮುಂದಿನ ಎರಡು ಚಕ್ರದ ಕಡೆಗೆ ಸರಿಯಿತು ಕೂಡ. ಮೋಟರನ್ನೂ ಕೆಳಗಿನ ಪೈಪಿಗೆ ಕಟ್ಟಿದೆವು. ಮತ್ತೆ ಎತ್ತಿದಾಗ ಕಾಗದ 29 ಡಿಗ್ರಿಯ ತನಕ ಬಿಗಿಯಾಗಿತ್ತು. ಅಷ್ಟಕ್ಕೇ ಧೈರ್ಯ ಪಡಬೇಡಿ, ತಿರುವಲ್ಲೇ ಒಂದು ಹೊಂಡ ಬಂದರೆ ಆ ನಾಲ್ಕು ಡಿಗ್ರಿ ಎಲ್ಲಿಗೂ ಸಾಲದು. ಹ್ಯಾಂಡಲ್ ಎಷ್ಟು ತಿರುಗಿದೆ ಅಂತ ನೋಡುವ ಒಂದು ಸೆನ್ಸರ್ ಹಾಕಿ, ಜಾಸ್ತಿ ತಿರುಗಿದಾಗ ಮೋಟರಿನ ಕಂಟ್ರೋಲರ್ ತಾನೇ ವೇಗ ಇಳಿಸುವಂತೆ ಮಾಡಿ.

ಸೀಟನ್ನು ಇನ್ನೂ ಇಳಿಸಬಹುದಲ್ಲ ಅಂತ ಕೇಳುತ್ತೀರಿ. ಬೇಡ. 1985ರಲ್ಲಿ ಬ್ರಿಟನ್ನಿನಲ್ಲಿ ಸಿಂಕ್ಲೇರ್ ಸಿ5 ಅಂತ ಒಂದು ಮೂರು ಚಕ್ರದ ಗಾಡಿ ಬಂದಿತ್ತು. ಅದರಲ್ಲಿ ಕೂತವರು ನೆಲಕ್ಕೆ ಅಂಟಿಕೊಂಡ ಹಾಗೆ ಇರುತ್ತಿದ್ದರು. ಲಾರಿಯವರಿಗೆ ಕಾಣುತ್ತೇವೋ ಇಲ್ಲವೋ ಅನ್ನುವ ಭಯ ಜನರಿಗೆ ಹೋಗಲೇ ಇಲ್ಲ. ಗಾಡಿ ನಡೆಯದೇ ಹೋಗಲು ಅದೂ ಒಂದು ಕಾರಣ. 50 ಸೆಂಟಿಮೀಟರ್ ಸೀಟಲ್ಲಿ ನೆಟ್ಟಗೆ ಕೂತರೆ ನಮ್ಮ ಕಣ್ಣು 125 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಪಕ್ಕದ ಕಾರಿನವರ ಕಣ್ಣಿಗೆ ಕಣ್ಣು ಸಿಗುತ್ತದೆ. ಅದಕ್ಕಿಂತ ಕೆಳಗೆ ಹೋಗಬಾರದು. ಹಾಗೇ ಗಾಡಿಯ ಹೊಟ್ಟೆ ನೆಲದಿಂದ 16 ಸೆಂಟಿಮೀಟರಾದರೂ ಮೇಲಿರಲಿ. ನಿಯಮದ ಪ್ರಕಾರ ಹಂಪ್ 10 ಸೆಂಟಿಮೀಟರ್ ಎತ್ತರ. ಊರವರೇ ಹಾಕಿಕೊಂಡ ಹಂಪು ಯಾವ ನಿಯಮಕ್ಕೂ ಸಿಗುವುದಿಲ್ಲ.

ಬೈಕಿನ ಹಾಗೆ ತಿರುವಿಗೆ ವಾಲುವ ಗಾಡಿಯೂ ಮಾಡಬಹುದು. ಟೊಯೊಟಾದವರು 2013ರಲ್ಲಿ ತೋರಿಸಿದ ಐ-ರೋಡ್ ಹಾಗೇ ಇತ್ತು, ಅಗಲ 90 ಸೆಂಟಿಮೀಟರಿಗಿಂತಲೂ ಕಡಿಮೆ. ನಿಜವಾದ ದಾರಿ ಅದೇ ಅಂತ ನನ್ನ ಅಭಿಪ್ರಾಯ. ಆದರೆ ಮೊದಲ ಗಾಡಿಯಲ್ಲೇ ಅದಕ್ಕೆ ಹೋಗಬೇಡಿ. ವಾಲದ ಗಾಡಿ ಒಂದು ಕಟ್ಟಿ, ಅದರ ತೂಕ ಎಲ್ಲಿ ಕೂತಿದೆ ಅಂತ ಕೈಗೆ ಅರ್ಥವಾಗಲಿ.

ಬ್ಯಾಟರಿಯ ಲೆಕ್ಕ ಸುಲಭ. ಗಾಡಿ 180 ಕೆಜಿ, ಮನುಷ್ಯರು, ಸಾಮಾನು ಸೇರಿ 300 ಅಂತ ಇಟ್ಟುಕೊಳ್ಳಿ. 45ರ ವೇಗದಲ್ಲಿ ಟೈರಿನ ಉಜ್ಜಾಟ, ಗಾಳಿಯ ತಡೆ ಎರಡೂ ಸೇರಿ 80 ನ್ಯೂಟನ್ ಹತ್ತಿರ ಬರುತ್ತದೆ. ಅಂದರೆ ಕಿಲೋಮೀಟರಿಗೆ 22 ವಾಟ್ ಅವರ್. ಮೋಟರಿನ ನಷ್ಟ, ನಿಂತು ನಿಂತು ಹೊರಡುವುದು ಸೇರಿಸಿ 35 ಹಿಡಿಯಿರಿ. 60 ಕಿಲೋಮೀಟರಿಗೆ 2.1 ಯೂನಿಟ್. 3.2 ವೋಲ್ಟಿನ 16 ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್, 50 ಆಂಪಿಯರ್ ಅವರ್‌ನವು, ಸಾಲಾಗಿ ಜೋಡಿಸಿದರೆ 2.5 ಯೂನಿಟ್ ಸಿಗುತ್ತದೆ. ಎಲ್‌ಎಫ್‌ಪಿ ಬೇಗ ಬೆಂಕಿ ಹಿಡಿಯುವ ಜಾತಿಯದಲ್ಲ, ತೂಕ ಸ್ವಲ್ಪ ಜಾಸ್ತಿ ಅಷ್ಟೇ. ನಾವು ಮೊದಲು ಅಗ್ಗಕ್ಕೆ ಸಿಕ್ಕಿತು ಅಂತ ರೆಡಿಮೇಡ್ ಪ್ಯಾಕ್ ತಂದಿದ್ದೆವು. ಎರಡನೇ ವಾರ ಅದರ ಕನೆಕ್ಟರ್ ಕರಗಿ ವಾಸನೆ ಬಂತು. ಬಿಚ್ಚಿ ನೋಡಿದರೆ ಒಳಗಿನ ವೈರು ಆ ಕರೆಂಟಿಗೆ ತಕ್ಕಷ್ಟು ದಪ್ಪ ಇರಲಿಲ್ಲ. ಬಿಎಂಎಸ್ (ಸೆಲ್‌ಗಳನ್ನು ಕಾಯುವ ಸರ್ಕಿಟ್), ಫ್ಯೂಸ್, ವೈರಿನ ದಪ್ಪ, ಈ ಮೂರನ್ನು ನೀವೇ ಕಣ್ಣಾರೆ ನೋಡದೆ ಚಾರ್ಜಿಗೆ ಹಾಕಬೇಡಿ. ಮನೆಯ ಮೆಟ್ಟಿಲ ಕೆಳಗೆ, ಬಾಗಿಲ ಪಕ್ಕ ಚಾರ್ಜ್ ಮಾಡಲೇಬೇಡಿ.

ಮೋಟರ್ 2 ಕಿಲೋವಾಟ್ ಸಾಕು. ಹತ್ತಡಿಗೆ ಒಂದಡಿ ಏರುವ ರಸ್ತೆಯಲ್ಲಿ 15ರ ವೇಗಕ್ಕೆ 1.4 ಕಿಲೋವಾಟ್ ಬೇಕಾಗುತ್ತದೆ. ಹೊಸೂರಿನ ಚಂದ್ರಚೂಡೇಶ್ವರ ಬೆಟ್ಟದ ರಸ್ತೆಯನ್ನು ಮನಸ್ಸಲ್ಲಿಟ್ಟುಕೊಂಡೇ ನಾವು ಈ ಲೆಕ್ಕ ಹಾಕಿದ್ದು.

ಕಬ್ಬಿಣ ಕತ್ತರಿಸುವ ಮೊದಲು ಪ್ಲೈವುಡ್, ರಟ್ಟಲ್ಲಿ ನಿಜವಾದ ಅಳತೆಯ ಮಾದರಿ ಮಾಡಿ. ಅದರಲ್ಲಿ ನಿಮ್ಮ ಗೆಳೆಯರನ್ನಷ್ಟೇ ಕೂರಿಸಬೇಡಿ. ಸೀರೆ ಉಟ್ಟವರು, ಮೊಣಕಾಲು ನೋವಿನವರು, ಮಗುವನ್ನು ಎತ್ತಿಕೊಂಡವರು ಹತ್ತಿ ಇಳಿಯಲಿ. ನಮ್ಮ ಮೊದಲ ಮಾದರಿಯ ಹೊಸ್ತಿಲು 40 ಸೆಂಟಿಮೀಟರ್ ಎತ್ತರ ಇತ್ತು. ಅಮ್ಮ ಒಂದು ಕೈಯಲ್ಲಿ ನೆರಿಗೆ ಎತ್ತಿ ಹಿಡಿದು, ಇನ್ನೊಂದು ಕೈಗೆ ಹಿಡಿಯಲು ಏನೂ ಸಿಗದೆ ಹಾಗೇ ನಿಂತರು. “ನಿನ್ನ ಗಾಡಿಗೆ ಹತ್ತೋಕೆ ಮೂರನೇ ಕೈ ಬೇಕು ಕಣೇ” ಅಂದರು. ಹೊಸ್ತಿಲನ್ನು 28ಕ್ಕೆ ಇಳಿಸಿ, ಮುಂದಿನ ಕಂಬಕ್ಕೆ ಒಂದು ಹಿಡಿ ಬೆಸುಗೆ ಹಾಕಿಸಿದೆವು.

ಕೊನೆಗೆ ಕಾನೂನು. ಕೈಯಲ್ಲಿ ಕಟ್ಟಿದ ಗಾಡಿಯನ್ನು ಹಾಗೇ ರಸ್ತೆಗೆ ತರುವಂತಿಲ್ಲ. ಮೋಟರ್ 0.25 ಕಿಲೋವಾಟಿಗಿಂತ ಕಡಿಮೆ, ವೇಗ 25ಕ್ಕಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕೆಜಿಯೊಳಗೆ ಇದ್ದರೆ ಮಾತ್ರ ಮೋಟಾರು ವಾಹನದ ನಿಯಮದಿಂದ ವಿನಾಯಿತಿ ಸಿಗುವ ದಾರಿ ಇದೆ. ನಮ್ಮದು ಅದಕ್ಕಿಂತ ದೊಡ್ಡದು. ಮಾರಬೇಕು ಅಂದರೆ ಪುಣೆಯ ಎಆರ್‌ಎಐ ಅಥವಾ ಮಾನೇಸರದ ಐಕ್ಯಾಟ್‌ನಂಥ ವಾಹನ ಪರೀಕ್ಷಾ ಕೇಂದ್ರದಲ್ಲಿ ಪಾಸಾಗಬೇಕು, ಬ್ಯಾಟರಿಗೆ ಎಐಎಸ್ 156 ಅಂತ ಬೇರೆಯದೇ ಪರೀಕ್ಷೆ ಇದೆ. ಅಲ್ಲಿಯ ತನಕ ಗೋಡೆ ಕಟ್ಟಿದ ಖಾಸಗಿ ಜಾಗದಲ್ಲಿ, ಹೆಲ್ಮೆಟ್ ಹಾಕಿಕೊಂಡು, ಮಾಲೀಕರ ಒಪ್ಪಿಗೆ ಪಡೆದು ಓಡಿಸಿ. ನಾವು ಪರಿಚಯದವರ ಗುಲಾಬಿ ತೋಟದ ಪ್ಯಾಕಿಂಗ್ ಶೆಡ್ ಮುಂದಿನ ಕಾಂಕ್ರೀಟ್ ಅಂಗಳದಲ್ಲಿ ಓಡಿಸುತ್ತೇವೆ. ಹೂವಿನ ಲಾರಿ ಹೊರಟ ಮೇಲೆ, ಮಧ್ಯಾಹ್ನ ಎರಡರಿಂದ ನಾಲ್ಕರ ತನಕ ಆ ಅಂಗಳ ನಮ್ಮದು.