ಅಘನಾಶಿನಿಯ ಗುಂಟ ಪ್ರವಾಸ: ತಿಂಗಳು, ತಿಥಿ ನೋಡಿ ಹೊರಡುವುದು ಹೇಗೆ?

ಉತ್ತರ ಕನ್ನಡದ ಕರಾವಳಿಗೆ ಹೊರಡುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಉದ್ದನೆಯ ಪಟ್ಟಿ ಇರುತ್ತದೆ. ಜೋಗ, ಯಾಣ, ಮುರ್ಡೇಶ್ವರ, ಗೋಕರ್ಣ, ಕಾರವಾರ ಎಲ್ಲವನ್ನೂ ಎರಡು ದಿನಗಳಲ್ಲಿ ಮುಗಿಸುವ ಹಟಕ್ಕೆ ಬಿದ್ದರೆ ಹಗಲಿನ ಬಹುಪಾಲು ಹೆದ್ದಾರಿಯ ಮೇಲೆಯೇ ಕಳೆದುಹೋಗುತ್ತದೆ. ಜಲಪಾತ ತಲುಪಿದಾಗ ನೀರಿರುವುದಿಲ್ಲ, ಅಳಿವೆ (ನದಿ ಕಡಲು ಸೇರುವ ಜಾಗ) ತಲುಪಿದಾಗ ದೋಣಿ ಹೋಗುವ ಹೊತ್ತು ಮೀರಿರುತ್ತದೆ. ಅದರ ಬದಲು ಒಂದೇ ನದಿಯನ್ನು ಹಿಡಿದು ಘಟ್ಟದಿಂದ ಕಡಲಿನವರೆಗೆ ಇಳಿದು ಬರುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಅಘನಾಶಿನಿ ಇದಕ್ಕೆ ತಕ್ಕ ನದಿ. ಶಿರಸಿಯ ಶಂಕರಹೊಂಡ ಮತ್ತು ಮಂಜುಗುಣಿಯ ಕಡೆಯ ಹಳ್ಳಗಳಿಂದ ರೂಪುಗೊಳ್ಳುವ ಈ ಹೊಳೆ ಸಿದ್ಧಾಪುರದ ಕಾಡುಗಳನ್ನು ದಾಟಿ, ಸುಮಾರು 117 ಕಿಲೋಮೀಟರ್ ಹರಿದು, ಕುಮಟಾ ತಾಲ್ಲೂಕಿನಲ್ಲಿ ಅರಬ್ಬಿ ಸಮುದ್ರವನ್ನು ಸೇರುತ್ತದೆ. ಜಲಪಾತ, ಕಲ್ಲಿನ ಶಿಖರಗಳು, ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಕಡಲತೀರ ಎಲ್ಲವೂ ಈ ಒಂದೇ ನೀರಿನ ದಾರಿಯಲ್ಲಿ ಅಥವಾ ಅದರ ಹತ್ತಿರದಲ್ಲಿವೆ. ನಾಲ್ಕು ಹಗಲು ಮೀಸಲಿಟ್ಟರೆ ಅವಸರವಿಲ್ಲದೆ ನೋಡಬಹುದು.

ಮೊದಲ ಹೆಜ್ಜೆ: ತಿಂಗಳು ಗೊತ್ತುಮಾಡಿಕೊಳ್ಳಿ

ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ಇದು ಪ್ರವಾಸದ ಲೆಕ್ಕಾಚಾರವನ್ನೇ ಬದಲಿಸುವ ಸಂಗತಿ. ಪಕ್ಕದ ಶರಾವತಿಯಲ್ಲಿ 1964ರಿಂದ ಲಿಂಗನಮಕ್ಕಿ ಅಣೆಕಟ್ಟು ನೀರನ್ನು ತಡೆದು ನಿಲ್ಲಿಸುತ್ತಿರುವುದರಿಂದ ಜೋಗದ ಅಬ್ಬರ ಮಳೆಯಷ್ಟೇ ಅಣೆಕಟ್ಟಿನ ಬಾಗಿಲುಗಳನ್ನೂ ಅವಲಂಬಿಸಿದೆ. ಅಘನಾಶಿನಿಯಲ್ಲಿ ಹಾಗಲ್ಲ; ಕಾಡು ಕುಡಿದು ಬಿಟ್ಟಷ್ಟು ನೀರು ಹೊಳೆಯಲ್ಲಿರುತ್ತದೆ. ಮಳೆ ನಿಂತ ಮೇಲೂ ಕೆಲವು ತಿಂಗಳು ಜಲಪಾತ ಮೈದುಂಬಿಕೊಂಡಿದ್ದು, ಫೆಬ್ರುವರಿಯ ನಂತರ ನಿಧಾನವಾಗಿ ಸೊರಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ನೀರು ಅಪಾರವಾಗಿದ್ದರೂ ಮಂಜು ಕವಿದು ಜಲಪಾತದ ಸದ್ದಷ್ಟೇ ಕೇಳಿಸುವ ದಿನಗಳೇ ಹೆಚ್ಚು. ಕಡಲು ಒರಟಾಗಿರುತ್ತದೆ, ಪ್ರವಾಸಿ ದೋಣಿಗಳು ಇಳಿಯುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೂ ನಿಷೇಧವಿದೆ. ಗುಡ್ಡ ಕುಸಿತದ ಭಯವಂತೂ ಇದ್ದೇ ಇದೆ: 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡವೇ ಜಾರಿ ಗಂಗಾವಳಿ ನದಿಗೆ ಬಿದ್ದ ದುರಂತವನ್ನು ಈ ಭಾಗದವರು ಮರೆತಿಲ್ಲ. ಮಾರ್ಚ್‌ನಿಂದ ಮೇ ತಿಂಗಳವರೆಗೆ ಅಳಿವೆ ನೋಡಲು ಅಡ್ಡಿಯಿಲ್ಲ, ಆದರೆ ಸೆಕೆ ತಡೆಯಲಾಗದು, ಜಲಪಾತವೂ ಬಡವಾಗಿರುತ್ತದೆ.

ಈ ಎಲ್ಲ ಕಾರಣಗಳಿಂದ ನವೆಂಬರ್ ಎರಡನೆಯ ವಾರದಿಂದ ಡಿಸೆಂಬರ್ ಮೂರನೆಯ ವಾರದವರೆಗಿನ ಅವಧಿಯನ್ನೇ ಆರಿಸಿಕೊಳ್ಳುವುದು ಲೇಸು. ಜಲಪಾತದಲ್ಲಿ ನೀರಿರುತ್ತದೆ, ಕಡಲು ಶಾಂತವಾಗಿರುತ್ತದೆ, ವಲಸೆ ಹಕ್ಕಿಗಳು ಅಳಿವೆಗೆ ಬಂದಿರುತ್ತವೆ. ವರ್ಷಾಂತ್ಯದ ಜನಜಂಗುಳಿ ಮಾತ್ರ ಇನ್ನೂ ಬಂದಿರುವುದಿಲ್ಲ.

ಎರಡನೆಯ ಹೆಜ್ಜೆ: ಪಂಚಾಂಗ ತೆರೆಯಿರಿ

ಪ್ರವಾಸದ ಕೈಪಿಡಿಗಳು ಬಹುಮಟ್ಟಿಗೆ ಬಿಟ್ಟುಬಿಡುವ, ಆದರೆ ಮೀನುಗಾರರು ಎಂದೂ ಮರೆಯದ ವಿಷಯವಿದು. ಈ ಕರಾವಳಿಯಲ್ಲಿ ದಿನಕ್ಕೆ ಎರಡು ಬಾರಿ ಭರತ (ಕಡಲ ನೀರಿನ ಏರಿಕೆ), ಎರಡು ಬಾರಿ ಇಳಿತ ಉಂಟಾಗುತ್ತವೆ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಚಂದ್ರನೂ ತನ್ನ ಪಥದಲ್ಲಿ ಸ್ವಲ್ಪ ಮುಂದೆ ಸಾಗಿರುವುದರಿಂದ ಇಂದಿನ ಭರತ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಹುಣ್ಣಿಮೆ ಮತ್ತು ಅಮಾವಾಸ್ಯೆಗಳ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಒಂದುಗೂಡಿ ನೀರು ಬಹಳ ಮೇಲೇರಿ ಬಹಳ ಕೆಳಗಿಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ಈ ಏರಿಳಿತದ ಅಂತರ ತಗ್ಗುತ್ತದೆ.

ಪ್ರವಾಸಿಗೆ ಇದರಿಂದ ಏನು ಪ್ರಯೋಜನ? ಇಲ್ಲಿ ಹುಣ್ಣಿಮೆ ಅಮಾವಾಸ್ಯೆಗಳ ಹತ್ತಿರದ ದಿನಗಳಲ್ಲಿ ಹೆಚ್ಚು ಕಡಿಮೆ ನಡುಹಗಲಿನ ಹೊತ್ತಿಗೆ ಭರತ ತುಂಬುತ್ತದೆ, ಬೆಳಗಿನ ಜಾವ ಮತ್ತು ಸಂಜೆ ಇಳಿತವಿರುತ್ತದೆ. ಅಂದರೆ ಪಾಡ್ಯ ಅಥವಾ ಬಿದಿಗೆಯ ದಿನ ನೀವು ಅಳಿವೆಯಲ್ಲಿದ್ದರೆ, ಬೆಳಿಗ್ಗೆ ಏರುತ್ತಿರುವ ನೀರಿನೊಂದಿಗೆ ದೋಣಿಯಲ್ಲಿ ಕಾಂಡ್ಲಾ ಕಾಡಿನೊಳಕ್ಕೆ ಹೋಗಿಬರಬಹುದು. ಸಂಜೆ ಅದೇ ಜಾಗದಲ್ಲಿ ಬಯಲಾದ ಕೆಸರು ದಿಬ್ಬಗಳನ್ನೂ ಅಲ್ಲಿ ಮೇಯುವ ಹಕ್ಕಿಗಳನ್ನೂ ಇಳಿಬಿಸಿಲಿನಲ್ಲಿ ನೋಡಬಹುದು. ಅಷ್ಟಮಿಯ ದಿನ ಹೋದವರಿಗೆ ಇಳಿತ ನಡುಹಗಲಿನ ಸಮೀಪಕ್ಕೆ ಬರುವುದರಿಂದ ಈ ಅನುಕೂಲವಿಲ್ಲ. ನಿಖರವಾದ ವೇಳೆಗೆ ಕಾರವಾರ ಬಂದರಿನ ಭರತ–ಇಳಿತದ ಪಟ್ಟಿಯನ್ನು ಮೊಬೈಲಿನಲ್ಲಿ ನೋಡಿಕೊಳ್ಳಿ. ದೋಣಿಯವರ ಮಾತು ಆ ಪಟ್ಟಿಗಿಂತ ಭಿನ್ನವಾಗಿದ್ದರೆ ದೋಣಿಯವರನ್ನೇ ನಂಬಿ.

ಹಾಗಾಗಿ ಮೂರನೆಯ ದಿನ ಪಾಡ್ಯವೋ ಬಿದಿಗೆಯೋ ಆಗುವಂತೆ ಹಿಂದಕ್ಕೆ ಎಣಿಸಿ ಹೊರಡುವ ದಿನವನ್ನು ನಿರ್ಧರಿಸಿ. ಒಂದು ಅಮಾವಾಸ್ಯೆಯನ್ನು ಮಾತ್ರ ಬಿಡುವುದು ಒಳ್ಳೆಯದು. ಮಹಾಶಿವರಾತ್ರಿಯ ಮರುದಿನವೋ ಅದರ ಆಚೆಯದೋ ಬರುವ ಅಮಾವಾಸ್ಯೆಯ ಸುತ್ತ ಯಾಣ ಮತ್ತು ಗೋಕರ್ಣ ಎರಡರಲ್ಲೂ ಜಾತ್ರೆ ನಡೆಯುತ್ತದೆ; ದೇವರಿಗಾಗಿ ಬಂದವರಿಗೆ ಅದು ಹಬ್ಬ, ಹಕ್ಕಿಗಾಗಿ ಬಂದವರಿಗೆ ಕಾಲಿಡಲು ಜಾಗವಿರುವುದಿಲ್ಲ.

ಮೂರನೆಯ ಹೆಜ್ಜೆ: ಘಟ್ಟದ ಮೇಲಿನಿಂದ ಆರಂಭಿಸಿ

ಮೊದಲ ದಿನ ಶಿರಸಿ ಅಥವಾ ಸಿದ್ಧಾಪುರದಲ್ಲಿ ಉಳಿದು ಉಂಚಳ್ಳಿ ಜಲಪಾತಕ್ಕೆ ಹೋಗಿ. ಅಘನಾಶಿನಿ ಇಲ್ಲಿ ಸುಮಾರು 116 ಮೀಟರ್ ಆಳಕ್ಕೆ ಧುಮುಕುತ್ತದೆ. ಕಿವಿಗಡಚಿಕ್ಕುವ ಸದ್ದಿನಿಂದಾಗಿ ಊರವರು ಇದನ್ನು ಕೆಪ್ಪ ಜೋಗ ಎನ್ನುತ್ತಾರೆ. 1845ರಲ್ಲಿ ಇದನ್ನು ಕಂಡ ಜಿಲ್ಲಾಧಿಕಾರಿ ಲಷಿಂಗ್ಟನ್‌ನ ಹೆಸರೂ ಇದಕ್ಕಿದೆ, ಆದರೆ ಆ ಹೆಸರು ಹೇಳಿ ದಾರಿ ಕೇಳಿದರೆ ಉತ್ತರ ಸಿಗುವುದು ಅನುಮಾನ. ಹೆಗ್ಗರಣೆಯ ಮೂಲಕ ಸಾಗಿ, ವಾಹನ ನಿಲ್ಲಿಸಿ, ಕಾಡಿನ ನಡುವಿನ ಕಾಲುದಾರಿ ಮತ್ತು ಮೆಟ್ಟಿಲುಗಳಲ್ಲಿ ಇಳಿದರೆ ವೀಕ್ಷಣಾ ಕಟ್ಟೆ ಸಿಗುತ್ತದೆ. ಅದನ್ನು ದಾಟಿ ಬುಡದವರೆಗೆ ಇಳಿಯುವ ಸಾಹಸ ಬೇಡ. ಬಂಡೆಗಳು ಪಾಚಿಗಟ್ಟಿರುತ್ತವೆ, ಹೊಳೆಗೆ ತಡೆಯಿಲ್ಲದ್ದರಿಂದ ಮೇಲೆ ಸುರಿದ ಮಳೆ ಕೆಳಗೆ ತಿಳಿಸದೆ ಬರುತ್ತದೆ.

ಸುತ್ತಲಿನ ಕಾಡಿನ ಒಂದು ಭಾಗವನ್ನು 2011ರಲ್ಲಿ ಸಿಂಗಳೀಕ (ಸಿಂಹಬಾಲದ ಕೋತಿ) ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಗಿದೆ. ಸಿಂಗಳೀಕ ಮರದ ಮೇಲ್ತುದಿಗಳಲ್ಲೇ ಬದುಕುವ ಪ್ರಾಣಿಯಾದ್ದರಿಂದ ಕಾಣಿಸಿದರೆ ಅದೃಷ್ಟ. ಕಂಡರೆ ಆಹಾರ ಎಸೆಯಬೇಡಿ. ಮಳೆಯ ತಿಂಗಳುಗಳಲ್ಲಿ ಉಂಬಳದ (ಜಿಗಣೆಯ) ಕಾಟ, ಒಣ ತಿಂಗಳುಗಳಲ್ಲಿ ಉಣುಗಿನ (ಉಣ್ಣೆಯ) ಕಾಟ. ಉಂಬಳ ಕಿರಿಕಿರಿಯಷ್ಟೇ, ಉಣುಗು ಹಾಗಲ್ಲ, ಈ ಕಾಡುಗಳಲ್ಲಿ ಮಂಗನ ಕಾಯಿಲೆಯನ್ನು ಹರಡುವುದು ಅದೇ. ಡಿಸೆಂಬರ್ ನಂತರ ಹೋಗುವವರು ಉದ್ದ ತೋಳಿನ ಬಟ್ಟೆ ಧರಿಸಿ, ತರಗೆಲೆಯ ಮೇಲೆ ಕೂರದೆ, ಕೋಣೆಗೆ ಮರಳಿದ ಕೂಡಲೇ ಬಿಸಿನೀರಿನಲ್ಲಿ ಮಿಂದು ಬಟ್ಟೆ ಒಗೆಯಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಯವರಿಗೆ ತಿಳಿಸಬೇಕು.

ನಾಲ್ಕನೆಯ ಹೆಜ್ಜೆ: ಯಾಣದ ಮೂಲಕ ಕೆಳಗಿಳಿಯಿರಿ

ಎರಡನೆಯ ದಿನ ಘಟ್ಟ ಇಳಿಯುವಾಗ ಯಾಣವನ್ನು ನೋಡಿಕೊಳ್ಳಿ. ದೇವಿಮನೆ ಘಟ್ಟದ ರಸ್ತೆಯ ಸ್ಥಿತಿಯನ್ನು ಹೊರಡುವ ಮುನ್ನ ಶಿರಸಿಯಲ್ಲೇ ವಿಚಾರಿಸುವುದು ಜಾಣತನ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್ ಎತ್ತರದ ಕಪ್ಪು ಸುಣ್ಣಕಲ್ಲಿನ ಬಂಡೆಗಳು. ಸುಣ್ಣಕಲ್ಲನ್ನು ನೀರು ಯುಗಯುಗಗಳಿಂದ ಕರಗಿಸಿ ಕೊರೆದುದರಿಂದಲೇ ಈ ಸೀಳುಗಳೂ ಮೊನೆಗಳೂ ಮೂಡಿವೆ. ಇಲ್ಲಿಂದ ಹೊರಡುವ ಚಂಡಿಹೊಳೆ ಉಪ್ಪಿನಪಟ್ಟಣದ ಬಳಿ ಅಘನಾಶಿನಿಯನ್ನು ಸೇರುವುದರಿಂದ ನಮ್ಮ ನದಿಯ ಲೆಕ್ಕವೂ ತಪ್ಪುವುದಿಲ್ಲ. ಸೊಕ್ಕಿದ್ದವ ಯಾಣಕ್ಕೆ, ರೊಕ್ಕವಿದ್ದವ ಗೋಕರ್ಣಕ್ಕೆ ಎಂಬ ಗಾದೆ ಹುಟ್ಟಿದ ಕಾಲದ ದುರ್ಗಮ ದಾರಿ ಈಗಿಲ್ಲ. ವಾಹನ ಇಳಿದು ಸ್ವಲ್ಪ ದೂರ ನಡೆದು ಮೆಟ್ಟಿಲು ಹತ್ತುವಷ್ಟು ಸೊಕ್ಕು ಸಾಕು. ಶಿಖರಗಳಲ್ಲಿ ಹೆಜ್ಜೇನು ಗೂಡುಗಳು ತೂಗಾಡುತ್ತಿರುತ್ತವೆ. ಕೂಗು, ಹೊಗೆ, ಘಾಟು ಸುಗಂಧದ್ರವ್ಯ ಮೂರನ್ನೂ ದೂರವಿಡಿ.

ಹೊತ್ತು ಉಳಿದರೆ ಸಮೀಪದ ವಿಭೂತಿ ಜಲಪಾತವನ್ನೂ ನೋಡಬಹುದು. ಸಂಜೆಯೊಳಗೆ ಕುಮಟಾ ಸೇರಿ.

ಐದನೆಯ ಹೆಜ್ಜೆ: ಒಂದು ಇಡೀ ದಿನವನ್ನು ಅಳಿವೆಗೆ ಕೊಡಿ

ನನ್ನ ದೃಷ್ಟಿಯಲ್ಲಿ ಈ ಪ್ರವಾಸದ ತಿರುಳೇ ಇದು, ಆದರೂ ಬಹುತೇಕರು ಇದನ್ನು ಹೆದ್ದಾರಿಯ ಸೇತುವೆಯಿಂದಲೇ ನೋಡಿ ಮುಂದೆ ಹೋಗುತ್ತಾರೆ. ಅಘನಾಶಿನಿ ಅಳಿವೆ 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಸಿಹಿನೀರೂ ಉಪ್ಪುನೀರೂ ದಿನವೂ ಎರಡು ಬಾರಿ ಬೆರೆಯುವ ಈ ಹರವಿನಲ್ಲಿ ಕಾಂಡ್ಲಾ ಗಿಡಗಳು ಬೆಳೆದಿವೆ. ಕೆಸರಿನಲ್ಲಿ ಗಾಳಿ ಸಿಗದ ಕಾರಣ ಕೆಲವು ಜಾತಿಗಳು ಬೇರಿನ ತುದಿಗಳನ್ನು ಮೊಳೆ ನೆಟ್ಟಂತೆ ಮೇಲಕ್ಕೆ ಚಾಚಿ ಉಸಿರಾಡುತ್ತವೆ. ಇಳಿತದಲ್ಲಿ ಇವು ಸ್ಪಷ್ಟವಾಗಿ ಕಾಣುತ್ತವೆ. ಬೇರುಗಳ ನಡುವಿನ ನೆಮ್ಮದಿಯ ನೀರಿನಲ್ಲಿ ಸಿಗಡಿ, ಏಡಿ, ಮೀನಿನ ಮರಿಗಳು ಬೆಳೆಯುತ್ತವೆ.

ಬೆಳಿಗ್ಗೆ ನೀರು ಏರತೊಡಗಿದ ಮೇಲೆ ದೋಣಿ ಹತ್ತಿ. ಇಳಿಯುವ ನೀರಿನಲ್ಲಿ ಒಳಕ್ಕೆ ಹೋದರೆ ಕಾಲುವೆಯಲ್ಲಿ ದೋಣಿ ಕೆಸರಿಗೆ ಕೂರುವುದುಂಟು. ಬಾಡಿಗೆಯನ್ನು ಮೊದಲೇ ಮಾತಾಡಿಕೊಂಡು, ಜೀವರಕ್ಷಕ ಜಾಕೆಟ್ ಇಲ್ಲದ ದೋಣಿಯನ್ನು ನಿರಾಕರಿಸಿ. ದಾರಿಯಲ್ಲಿ ಗಜನಿ ಭೂಮಿಯ (ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳ) ಒಡ್ಡುಗಳು ಕಾಣುತ್ತವೆ. ಮಳೆಗಾಲದಲ್ಲಿ ಅಲ್ಲಿ ಉಪ್ಪು ತಾಳುವ, ಕೆಲವು ದಿನ ನೀರಲ್ಲಿ ಮುಳುಗಿದರೂ ಬದುಕುವ ಕಗ್ಗ ಭತ್ತವನ್ನು ಬೆಳೆಯುತ್ತಾರೆ. ಕೊಯ್ಲಾದ ಮೇಲೆ ಅದೇ ಗದ್ದೆ ಸಿಗಡಿ ಮೀನುಗಳ ತಾಣವಾಗುತ್ತದೆ. ಮಧ್ಯಾಹ್ನ ಊಟ ಮುಗಿಸಿ, ಸಂಜೆಯ ಇಳಿತಕ್ಕೆ ದಡಕ್ಕೆ ಮರಳಿದರೆ ಸೊಂಟದ ನೀರಿನಲ್ಲಿ ನಿಂತು ಬಳಚು (ಚಿಪ್ಪಿನ ಜೀವಿ) ಆರಿಸುವವರನ್ನು ಕಾಣಬಹುದು. ಅದು ಅವರ ದುಡಿಮೆ; ಕೇಳದೆ ಕ್ಯಾಮೆರಾ ಎತ್ತುವುದು ಸಭ್ಯತೆಯಲ್ಲ. ಹಕ್ಕಿ ನೋಡುವವರು ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ಕೂರಲಿ, ಕೆಸರಿಗೆ ಇಳಿಯದಿರಲಿ. ಹುಣ್ಣಿಮೆ ಅಮಾವಾಸ್ಯೆಗಳ ಹತ್ತಿರ ಇಳಿತದ ಸೆಳವು ಬಿರುಸಾಗಿರುವುದರಿಂದ ಅಳಿವೆಯ ಬಾಯಲ್ಲಿ ಈಜುವುದಂತೂ ಕೂಡದು.

ಆರನೆಯ ಹೆಜ್ಜೆ: ಕಡಲತೀರಕ್ಕೆ ಬೆಳಿಗ್ಗೆಯೇ ಹೋಗಿ

ಕೊನೆಯ ದಿನ ದಕ್ಷಿಣ ದಡದ ಅಘನಾಶಿನಿ ಗ್ರಾಮದಿಂದ ಉತ್ತರ ದಡದ ತದಡಿಗೆ ದೋಣಿಯಲ್ಲಿ ದಾಟಿ ಗೋಕರ್ಣ ಸೇರಬಹುದು. ಕಾರಿನಲ್ಲಿ ಬಂದವರಿಗೆ ಹೆದ್ದಾರಿಯೇ ಗತಿ. ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ತೀರಗಳನ್ನು ಚಾಚಿಕೊಂಡ ಗುಡ್ಡದ ಮೂಗುಗಳು ಬೇರೆ ಬೇರೆಯಾಗಿಸಿವೆ. ಓಂ ತೀರದಿಂದ ಮುಂದಿನದಕ್ಕೆ ಗುಡ್ಡದ ಅಂಚಿನ ಕಾಲುದಾರಿಯಿದೆ. ಬಿಸಿಲೇರುವ ಮೊದಲೇ ನಡೆಯಿರಿ, ಕತ್ತಲಾದ ಮೇಲೆ ಆ ಅಂಚಿನಲ್ಲಿ ಮರಳುವ ಯೋಚನೆ ಬೇಡ.

ನೀರಿಗಿಳಿಯುವ ಮೊದಲು ಸ್ವಲ್ಪ ಹೊತ್ತು ನಿಂತು ಅಲೆಗಳನ್ನು ಗಮನಿಸಿ. ಎರಡೂ ಕಡೆ ಅಲೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ಒಡೆಯದೆ, ಕಲಕಿದ ಮರಳು ಕಡಲ ಕಡೆಗೆ ಸಾಗುತ್ತಿದ್ದರೆ ಅದು ಸೆಳವು. ಹೊಸಬರಿಗೆ ಶಾಂತವಾಗಿ ಕಾಣುವ ಆ ಜಾಗವೇ ಅಪಾಯದ್ದು. ಸಿಕ್ಕಿಕೊಂಡರೆ ದಡದತ್ತ ಹೋರಾಡದೆ, ದಡಕ್ಕೆ ಸಮಾನಾಂತರವಾಗಿ ಈಜಿ ಪಟ್ಟಿಯಿಂದ ಹೊರಬಂದು ಆಮೇಲೆ ದಡಕ್ಕೆ ತಿರುಗಬೇಕು. ಜೀವರಕ್ಷಕರು ಕೆಂಬಾವುಟ ನೆಟ್ಟಲ್ಲಿ ವಾದಕ್ಕಿಳಿಯಬೇಡಿ.

ಐದನೆಯ ದಿನವೂ ಕೈಯಲ್ಲಿದ್ದರೆ ಹೊನ್ನಾವರಕ್ಕೆ ಹೋಗಿ. ಶರಾವತಿಯ ಹಿನ್ನೀರಿನ ಕಾಂಡ್ಲಾ ಕಾಡಿನೊಳಗೆ ಅಲ್ಲಿ ಮರದ ನಡಿಗೆದಾರಿಯಿದೆ. ದೋಣಿಗೆ ಹೆದರುವವರಿಗೂ ವಯಸ್ಸಾದವರಿಗೂ ಇದು ಅನುಕೂಲ. 2020ರಲ್ಲಿ ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಕಾಸರಕೋಡು ತೀರವೂ ಅಲ್ಲೇ ಸಮೀಪದಲ್ಲಿದೆ. ಚಳಿಗಾಲದಿಂದ ಬೇಸಿಗೆಯ ಆರಂಭದವರೆಗೆ ಆ ಭಾಗದ ಮರಳಿನಲ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ. ರಾತ್ರಿ ತೀರದಲ್ಲಿ ಟಾರ್ಚ್ ಬೆಳಗಿಸಬಾರದು; ಗೂಡು ಅಥವಾ ಆಮೆಯ ಜಾಡು ಕಂಡರೆ ಮುಟ್ಟದೆ ಅರಣ್ಯ ಇಲಾಖೆಯ ಸಿಬ್ಬಂದಿಗೆ ತಿಳಿಸಬೇಕು. ಹೊನ್ನಾವರ, ಕುಮಟಾ, ಗೋಕರ್ಣ ರೋಡ್ ಮೂರೂ ಕಡೆ ಕೊಂಕಣ ರೈಲಿನ ನಿಲ್ದಾಣಗಳಿವೆ. ಗೋಕರ್ಣ ರೋಡ್ ನಿಲ್ದಾಣ ಊರಿನಿಂದ ದೂರವಿರುವುದರಿಂದ ರಾತ್ರಿ ರೈಲು ಹಿಡಿಯುವವರು ಆಟೊವನ್ನು ಹಗಲಿನಲ್ಲೇ ಗೊತ್ತುಮಾಡಿಟ್ಟುಕೊಳ್ಳಬೇಕು.